ಸಿದ್ದು ಇರಲಿಲ್ಲ

“ಸಿದ್ದೂ, ಸ್ಟ್ರೆಚರ್ ತಗೊಂಡ್ ಬಾರೋ!”

ಕತ್ತು ತಾನಾಗಿಯೇ ಹೊರಳಲು ಹೋಯಿತು. ಸಿದ್ದಲಿಂಗ ಅದನ್ನು ಹೇಗೋ ಹಿಡಿದು ನಿಲ್ಲಿಸಿದ. ಹೆಬ್ಬಾಳದ ಈ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ವರ್ಷಗಟ್ಟಲೆ ವಾರ್ಡ್ ಬಾಯ್ ಆಗಿ ದುಡಿದವನು ಅವನು, ಯಾದಗಿರಿ ಕಡೆಯವನು. ಈಗ ಅದೇ ವಾರ್ಡಿಗೆ ನರ್ಸಿಂಗ್ ವಿದ್ಯಾರ್ಥಿಯಾಗಿ, ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು ಬಂದಿದ್ದ. ತನಗಿಂತ ಎಷ್ಟೋ ಚಿಕ್ಕವರಾದ ಹುಡುಗಿಯರ ಸಾಲಿನ ಕೊನೆಯಲ್ಲಿ ನಿಲ್ಲುವಾಗ ನಾಚಿಕೆಯೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಕೋಟು ಕಣ್ಣಿಗೆ ಬಿದ್ದರೂ ವಾರ್ಡಿನವರ ಬಾಯಿಗೆ ಹತ್ತಿದ ಹಳೇ ರೂಢಿ ಬಿಡದು.

ಪಾಠ ಹೇಳುವ ಮುಸರ್ರತ್ ಮೇಡಂ ಬೆಳಿಗ್ಗೆಯೇ ಎಚ್ಚರಿಸಿದ್ದರು. “ನೋಡಪ್ಪಾ, ಹಳೇ ಹೆಸ್ರಲ್ಲಿ ಯಾರೇ ಕರೆದ್ರೂ ತಿರುಗ್ಲೇಬೇಡ. ಒಂದ್ ಸಲ ಓಡಿದ್ಯೋ, ಮೂರು ವರ್ಷಾನೂ ನಿನ್ ಕೈಗೆ ಟ್ರಾಲೀನೇ. ಆಮೇಲೆ ಇಂಜೆಕ್ಷನ್ ಕಲಿಯೋದ್ ಯಾವಾಗ?” ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಅಮೃತಹಳ್ಳಿಯ ಮುನಿವೆಂಕಟಯ್ಯ ಇದ್ದ. ಉಬ್ಬಸ ಕೆರಳಿದಾಗಲೆಲ್ಲ ಇಲ್ಲಿಗೇ ಬಂದು ಮಲಗುವ ಮುದುಕ. ಬಾಯಿ ಜೋರು, ಮಾನದ ಚಿಂತೆ ಅದಕ್ಕಿಂತ ಜೋರು. ಡಯಾಪರ್ ಕಟ್ಟಿಸಿಕೊಳ್ಳುತ್ತಿರಲಿಲ್ಲ, ಸಿದ್ದುವನ್ನು ಬಿಟ್ಟು ಬೇರೆ ಯಾರ ಜೊತೆಗೂ ಬಚ್ಚಲಿಗೆ ಹೋಗುತ್ತಿರಲಿಲ್ಲ. “ಓದ್ಕೊಳೋ, ಎಷ್ಟ್ ದಿನ ಅಂತ ನಮ್ಮಂತೋರ್ನ ಒತ್ಕೊಂಡ್ ತಿರುಗ್ತೀಯ?” ಎಂದು ಬೆನ್ನು ಬಿಡದೆ ಕಾಡಿ ಸಿದ್ದಲಿಂಗನನ್ನು ಈ ದಾರಿಗೆ ಹಚ್ಚಿದ್ದೂ ಅವನೇ. ಒಡಹುಟ್ಟಿದವರು ಕೂಡ ಅಂಥ ಮಾತು ಆಡಿರಲಿಲ್ಲ.

ಸಿದ್ದಲಿಂಗ ಅತ್ತ ಬೆನ್ನು ಹಾಕಿ ಎದುರು ಸಾಲಿನ ರೋಗಿಯ ಬಿ.ಪಿ. ನೋಡಲು ಪಟ್ಟಿ ಸುತ್ತುತ್ತಿದ್ದ. ಮೇಡಂ ಪಕ್ಕದಲ್ಲೇ ನಿಂತಿದ್ದರು. “ಸಿದ್ದೂ” ಎಂಬ ದನಿ ಬಂತು. ಯಾರದೆಂದು ಗೊತ್ತಾಯಿತು. ಯಾಕೆಂದೂ ಗೊತ್ತಾಯಿತು. ಇದೊಂದು ಮುಗಿಸಿ ಹೋದರಾಯಿತು, ಅಷ್ಟರಲ್ಲಿ ಹೊಸ ವಾರ್ಡ್ ಬಾಯ್ ಶರಣು ಬಂದೇ ಬರುತ್ತಾನೆ ಅಂದುಕೊಂಡ. ದನಿ ಮತ್ತೊಮ್ಮೆ ಬಂತು, ಈ ಸಲ ಕೊಂಚ ಅವಸರದಲ್ಲಿ. ಸಿದ್ದಲಿಂಗ ಸ್ಟೆತಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡ.

ಸ್ಟೂಲು ಉರುಳಿದ ಸದ್ದು ಅದನ್ನೂ ದಾಟಿ ಬಂತು. ಅದರ ಹಿಂದೆಯೇ ಮುದುಕ ನೆಲಕ್ಕೆ ಬಿದ್ದ ಸದ್ದು.

ತೊಡೆಯ ಮೂಳೆ ಮುರಿದಿತ್ತು. ಈ ಉಸಿರಿನಲ್ಲಿ ಆಪರೇಷನ್ ತಡೆಯಲಾರ ಎಂದ ಡಾಕ್ಟರು ಕಾಲಿಗೆ ಪಟ್ಟಿ ಸುತ್ತಿಸಿ, ಮೂಳೆ ಜರುಗದಂತೆ ಮಂಚದ ತುದಿಯಿಂದ ತೂಕ ಇಳಿಬಿಟ್ಟು ಮಲಗಿಸಿದರು. ಇನ್ನು ಎದ್ದು ಓಡಾಡುವ ಮಾತೇ ಇಲ್ಲವೆಂದು ಮನೆಯವರನ್ನು ಹೊರಗೆ ಕರೆದು ಹೇಳಿದರು. ಸಿದ್ದಲಿಂಗನನ್ನು ಯಾರೂ ಬೈಯಲಿಲ್ಲ. ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಧ್ಯಾಹ್ನ ಅವನು ಮುದುಕನ ಮಂಚದ ಸುತ್ತ ಎಳೆದಿದ್ದ ಪರದೆಯ ಹೊರಗೆ ಬಂದು ನಿಂತ. ಮೊಮ್ಮಗಳು ಬಿಂದುಶ್ರೀ ಅಳುತ್ತಲೇ ಮುದುಕನನ್ನು ಗದರುತ್ತಿದ್ದಳು.

“ಒಬ್ನೇ ಯಾಕ್ ಎದ್ದೆ ತಾತ? ಸಿದ್ದಣ್ಣನ್ನ ಕರೀಬಾರ್ದಿತ್ತಾ?”

“ಕರ್ದೆ ಕಣಮ್ಮಿ. ಅವ್ನು ಇರ್ಲಿಲ್ಲ. ಓದಕ್ ಓಗವ್ನಲ್ಲ.” ಮುದುಕ ಉಸಿರು ಎಳೆದುಕೊಂಡ. “ಇದ್ದಿದ್ರೆ ಬರ್ದೆ ಇರೋನಾ?”

ಸಿದ್ದಲಿಂಗನಿಗೆ ಅಲ್ಲಿಂದ ಓಡಿಹೋಗಿ ಊರಿನ ಬಸ್ಸು ಹತ್ತಿಬಿಡಬೇಕೆನ್ನಿಸಿತು. ಆದರೂ ಪರದೆ ಸರಿಸಿದ.

“ಅಜ್ಜಾರ, ನಾ ಇಲ್ಲೇ…” ಎಂದ.

ಮುದುಕನ ಮುಖ ಅರಳಿತು. “ಬಂದ್ಯಾ? ನಡಿ, ಓಗಾನ. ಇವ್ರು ಏನೇನೋ ಕಟ್ತೀವಿ ಅಂತಾರೆ. ನೀನ್ ಬರ್ತೀಯ ಅಂತ ತಡ್ಕೊಂಡಿವ್ನಿ.”

ಹಾಗೆಂದು ಎತ್ತಿಸಿಕೊಳ್ಳಲು ಎರಡೂ ಕೈ ಚಾಚಿದ. ಸಿದ್ದಲಿಂಗ ಬಗ್ಗಿ ಕತ್ತು ಕೊಟ್ಟ. ಮುದುಕ ಅದನ್ನು ಬಿಗಿಯಾಗಿ ತಬ್ಬಿ, ಉಸಿರು ಹಿಡಿದು ಕಾದ. ಮಂಚದ ತುದಿಯಲ್ಲಿ ತೂಕ ಮೆಲ್ಲಗೆ ಅಲುಗುತ್ತಿತ್ತು. ಸಿದ್ದಲಿಂಗ ಎತ್ತಲಿಲ್ಲ, ಕತ್ತು ಬಿಡಿಸಿಕೊಳ್ಳಲೂ ಇಲ್ಲ, ಹಾಗೇ ಬಗ್ಗಿಕೊಂಡು ನಿಂತ.