ತಮ್ಮನ ಮಾತು

“ನೀರು ಬೇಕೇನ್ರಿ?” ಎಂದು ಜಾನಕಿಬಾಯಿ ಲೋಟ ಮುಂದೆ ಹಿಡಿದಳು. ಚಂದ್ರಕಾಂತ ಎಡಗೈಯಿಂದ ಅದನ್ನು ಸರಿಸಿದ. ಅವನ ಗಂಟಲಿನಿಂದ ಉದ್ದನೆಯ ದನಿಯೊಂದು ಹೊರಟು, ಸೊಟ್ಟಗಾದ ಬಾಯಿಯಲ್ಲಿ ಸಿಕ್ಕಿಕೊಂಡು, ಮುದ್ದೆಯಾಗಿ ಹೊರಬಿತ್ತು.

“ಗುಳಿಗಿ ಬೇಕೇನು? ಬಿಸಲು ಕಣ್ಣಿಗಿ ಬಡೀಲತ್ತದೇನು? ಕಿಟಕಿ ಮುಚ್ಚಲೇನ್ರಿ?”

ಅವನು ಅಲ್ಲವೆಂದು ತಲೆಯಾಡಿಸಿದ. ಮತ್ತೆ ಅದೇ ದನಿ, ಈ ಸಲ ಇನ್ನೂ ಜೋರಾಗಿ. ಜಾನಕಿಬಾಯಿ ರೂಢಿಯಂತೆ ಪಡಸಾಲೆಯ ಕಡೆ ಮುಖ ಮಾಡಿ, “ಭಾವ, ಇವರು ಏನಂತಾರ ನೋಡ್ರಿ ಸ್ವಲ್ಪ” ಎಂದುಬಿಟ್ಟಳು. ಆಮೇಲೆ ತುಟಿ ಕಚ್ಚಿಕೊಂಡು ನಿಂತಳು.

ಭಾವ ಏಕನಾಥ ಪಡಸಾಲೆಯಲ್ಲಿ, ಜೋಡಿಸಿಟ್ಟ ಎರಡು ಬೆಂಚುಗಳ ಮೇಲೆ, ಒಗೆದ ಬಿಳಿ ಅಂಗಿ ತೊಟ್ಟು ಪೆಟ್ಟಿಗೆಯೊಳಗೆ ಮಲಗಿದ್ದ.

ಲಕ್ವಾ ಹೊಡೆದಾಗ ಚಂದ್ರಕಾಂತನ ಬಲಗೈ ಬಿದ್ದುಹೋಗಿತ್ತು, ಮಾತು ಕೆಟ್ಟಿತ್ತು. ಎಡಗೈಯಿಂದ ಗೀಚಿದ್ದು ಅಕ್ಷರವಾಗುತ್ತಿರಲಿಲ್ಲ. ಅವನು ಆಡುವುದು ಹೆಂಡತಿಗೂ ತಿಳಿಯುತ್ತಿರಲಿಲ್ಲ. ಅಣ್ಣನೊಬ್ಬನಿಗೆ ತಿಳಿಯುತ್ತಿತ್ತು. ಆ ಅಣ್ಣ ನಿನ್ನೆ ಮುಂಜಾನೆ ಚಹಾಕ್ಕೆ ಕರೆದರೆ ಏಳಲಿಲ್ಲ.

ಹೊರಗೆ ಶಾಮಿಯಾನದ ನೆರಳಿನಲ್ಲಿ ಬೆರಳೆಣಿಕೆಯ ಜನ ಕೂತಿದ್ದರು. ಭಾಲ್ಕಿಯ ಚರ್ಚಿಗೆ ಕಳೆದ ಬೇಸಿಗೆಯಲ್ಲಷ್ಟೇ ಬಂದಿದ್ದ ಪಾದ್ರಿ ಮಕರಂದ ಪಕ್ಕದ ಮನೆಯ ಕೇಶರಬಾಯಿಯ ಹತ್ತಿರ ಬಂದು ಕೂತ.

“ಮಣ್ಣು ಮಾಡೋ ಮುಂಚೆ ಏಕನಾಥ ಅಣ್ಣೋರ ಬಗ್ಗಿ ನಾಕು ಮಾತು ಹೇಳ್ಬೇಕ್ರಿ. ಅವರ ಹಿಂದಿನದು ನನಗ ಏನೂ ಗೊತ್ತಿಲ್ಲ. ಹೆಂಡ್ತಿ, ಮಕ್ಕಳು?”

“ಲಗ್ನಾನೇ ಆಗ್ಲಿಲ್ರಿ ಅವರು,” ಎಂದಳು ಕೇಶರಬಾಯಿ. “ಬೀದರದಾಗ ಹಮಾಲಿ ಮಾಡ್ಕೊಂಡಿದ್ರು. ತಮ್ಮಗ ಆರಾಮ ತಪ್ಪಿದ ಮ್ಯಾಲೆ ಇಲ್ಲಿಗಿ ಬಂದ್ರು.”

ಮೊದಲ ಬಸ್ಸಿಗೆ ಬೀದರಿನಿಂದ ಬಂದಿದ್ದ ಜಾವೀದ ತಲೆ ತಗ್ಗಿಸಿಕೊಂಡೇ ಹೇಳಿದ: “ಪಾದ್ರಿ ಆಗ್ಬೇಕಂತ ಇತ್ತು ಅವಗ. ಗಾಂಧಿ ಗಂಜದಾಗ ನಾವಿಬ್ರೂ ಕೂಡೇ ಚೀಲ ಹೊತ್ತೀವಿ. ನನಗ ಗೊತ್ತದ.”

*

ಹುಟ್ಟೂರು ಸಂತಪುರದಲ್ಲಿ ತಾಯಿ ಹೊಲಕ್ಕೆ ಹೋದರೆ ತಮ್ಮನನ್ನು ಟೊಂಕದ ಮೇಲೆ ಹೊತ್ತು ತಿರುಗುತ್ತಿದ್ದವನು ಏಕನಾಥನೇ. ಚಂದ್ರಕಾಂತನಿಗೆ ಮಾತು ಬಹಳ ತಡವಾಗಿ ಬಂತು. ಅಲ್ಲಿಯವರೆಗೆ ಅವನ ಊ ಆ ಎಲ್ಲವನ್ನೂ ಅಣ್ಣನೇ ಮನೆಯವರಿಗೆ ಬಿಡಿಸಿ ಹೇಳುತ್ತಿದ್ದ.

ಅಪ್ಪ ತೀರಿಕೊಂಡಾಗ ಏಕನಾಥ ಶಾಲೆ ಬಿಟ್ಟು ಬೀದರಿನ ಧಾನ್ಯದ ಪೇಟೆಯಾದ ಗಾಂಧಿ ಗಂಜ್‌ಗೆ ಬಂದ, ತಮ್ಮ ಓದಿದ. ತೊಗರಿ ಚೀಲ ಹೊರುತ್ತ ಏಕನಾಥ ದೇವರ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದ. ಒಂದು ದಿನ ಪೀಠದ ಮೇಲೆ ನಿಂತು ಅವನ್ನು ಹೇಳುವ ಆಸೆ ಅವನಿಗೆ. ಪಾದ್ರಿ ಕೆಲಸಕ್ಕೆ ಹುಡುಗರನ್ನು ಆರಿಸಲು ಚರ್ಚಿನ ಹಿರಿಯರು ಔರಾದಿಗೆ ಬಂದಾಗ ಅಣ್ಣ ತಮ್ಮ ಇಬ್ಬರೂ ಹೋದರು. ಅಣ್ಣ ಮಾತಾಡಿದ್ದನ್ನು ಕೇಳಿ ಹಿರಿಯರು, “ಚಲೋ ಹೇಳ್ತೀಯಪ್ಪ” ಎಂದರು. ಎಷ್ಟು ಸಾಲಿ ಕಲಿತೀ ಎಂದು ಕೇಳಿದರು. ಆಮೇಲೆ ತಮ್ಮನನ್ನು ಕರೆದುಕೊಂಡು ಹೋದರು.

ಚಂದ್ರಕಾಂತ ಪಾದ್ರಿಯಾದ ದಿನ ಸಂತಪುರದಲ್ಲಿ ಓಣಿಗೆಲ್ಲ ಊಟ. ಏಕನಾಥ ಜ್ವರ ಬಂದಿದೆ ಎಂದು ಹೇಳಿ ಕಳಿಸಿ ಗಂಜಿನಲ್ಲಿ ಲಾರಿ ತುಂಬಿದ. ಮುಂದೆಯೂ ತಮ್ಮ ಚರ್ಚಿನ ಪೀಠದಿಂದ ಪ್ರಸಂಗ ಮಾಡುವ ಯಾವ ಊರಿಗೂ ಅವನು ಕಾಲಿಡಲಿಲ್ಲ. ಕ್ರಿಸ್ಮಸ್ ಹತ್ತಿರ ಬಂದಾಗ ಚಂದ್ರಕಾಂತ ಗಂಜ್‌ಗೆ ಬಂದು ಅಂಗಡಿ ಅಂಗಡಿಗೆ ಹೋಗಿ ಅಣ್ಣನನ್ನು ಕೇಳುತ್ತಿದ್ದ. ಏಕನಾಥ ಚೀಲಗಳ ಒಟ್ಟಿಲ ಹಿಂದೆ ಕೂತು, ತಮ್ಮನ ದನಿ ದೂರವಾಗುವವರೆಗೂ ಹೊರಗೆ ಬರುತ್ತಿರಲಿಲ್ಲ. ಕೂತಲ್ಲೇ ಅವನು ಪ್ರಾರ್ಥಿಸುತ್ತಿದ್ದ. ತಮ್ಮ ಪೀಠದ ಮೇಲೆ ನಿಂತಾಗ ಅವನ ಬಾಯಿ ಕಟ್ಟಲಿ ಎಂಬುದು ಅವನ ಪ್ರಾರ್ಥನೆಯಾಗಿತ್ತು.

*

“ಲಕ್ವಾ ಹೊಡೀತು, ಮಾತು ಹೋಯ್ತು ಅಂತ ಫೋನ್ ಬಂದಾಗ ನಾ ಬಾಜೂಕೇ ಇದ್ದೆ,” ಎಂದ ಜಾವೀದ. “ಸುದ್ದಿ ಕೇಳಿ ನಕ್ಕ, ಪಾದ್ರಿ ಸಾಬ್. ಖರೇನೇ ನಕ್ಕ. ಆಮ್ಯಾಲ ಎರಡೂ ಕೈಲೆ ಬಾಯಿ ಮುಚ್ಕೊಂಡ. ‘ಜಾವೀದ, ಇದನ್ನೇ ಬೇಡ್ಕೊಂಡಿದ್ನಲ್ಲೋ ನಾ’ ಅಂದ. ಮೈಮ್ಯಾಲಿನ ಧೂಳ ಸುದ್ದಾ ಝಾಡಿಸ್ಲಿಲ್ಲ, ಭಾಲ್ಕಿ ಬಸ್ ಹತ್ತಿಬಿಟ್ಟ.”

“ಅದೇ ಧೂಳದಾಗೇ ಬಂದು ಮಂಚದ ಹತ್ರ ನೆಲದ ಮ್ಯಾಲ ಕುಂತ್ರು,” ಎಂದು ಕೇಶರಬಾಯಿ ಮುಂದುವರಿಸಿದಳು. “ಚಂದ್ರಕಾಂತ ಪಾದ್ರಿಯೋರು ಏನೋ ಅಂದ್ರು. ನಾವೆಲ್ಲ ಮುಖ ಮುಖ ನೋಡ್ಕೊಂಡೀವಿ. ಯಾರಿಗೂ ತಿಳೀಲಿಲ್ಲ. ಏಕನಾಥಣ್ಣ ಅಳ್ಕೋತ ಅಂದ್ರು, ‘ಉಂಡಿಯೇನು ಅಂತ ಕೇಳ್ಲತ್ತಾನ ನನಗ.’”

*

ಆಗ ಭಾಲ್ಕಿಯ ಚರ್ಚಿಗೆ ಚಂದ್ರಕಾಂತನ ಜಾಗದಲ್ಲಿ ಬೇರೆ ಪಾದ್ರಿ ಬರುವುದು ತಡವಾಗಿತ್ತು. ಒಂದು ಐತವಾರ ಚಂದ್ರಕಾಂತ ಕೋಲೂರಿಕೊಂಡು ತಾನೇ ಪೀಠ ಹತ್ತಿದ. ಅವನನ್ನು ಕರೆತಂದ ಏಕನಾಥ ಬಾಗಿಲಲ್ಲಿ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತುಬಿಟ್ಟಿದ್ದ. ತಮ್ಮ ಎಡಗೈ ಎತ್ತಿ ಕರೆದ.

ಜೀವನವಿಡೀ ಬಯಸಿದ್ದ ಜಾಗದಲ್ಲಿ ಏಕನಾಥ ಹೀಗೆ ತಮ್ಮನ ಎಡಕ್ಕೆ ಬಂದು ನಿಂತ. ಆಡಬೇಕಾದ ಮಾತು ಮಾತ್ರ ಅವನದಲ್ಲ. ಚಂದ್ರಕಾಂತ ಒಂದು ಮಾತು ಆಡಿ ನಿಲ್ಲುತ್ತಿದ್ದ. ಏಕನಾಥ “ತಮ್ಮ ಹೇಳ್ತಾನ” ಎಂದು ಶುರುಮಾಡಿ ಅದನ್ನು ಜನಕ್ಕೆ ತಿಳಿಯುವಂತೆ ಹೇಳುತ್ತಿದ್ದ. ಐತವಾರಗಳು ಹಾಗೆಯೇ ನಡೆದವು.

ಒಮ್ಮೆ ಚಂದ್ರಕಾಂತ ಯೇಸು ಹೇಳಿದ ತಂದೆ ಮಕ್ಕಳ ಕತೆಯನ್ನು ಎತ್ತಿಕೊಂಡ. ಮನೆ ಬಿಟ್ಟು ಹೋದ ತಮ್ಮ ತಿರುಗಿ ಬಂದನೆಂದು ತಂದೆ ಔತಣ ಮಾಡಿಸುತ್ತಾನೆ. ಹೊಲದಿಂದ ಬಂದ ಅಣ್ಣ ಸಿಟ್ಟಿನಿಂದ ಒಳಗೆ ಹೋಗದೆ ಹೊರಗೇ ನಿಲ್ಲುತ್ತಾನೆ. ಅಲ್ಲಿಗೆ ಬಂದಾಗ ಚಂದ್ರಕಾಂತ ಅಣ್ಣನನ್ನು ನೋಡುತ್ತ ಮೆಲ್ಲಗೆ ಏನೋ ಅಂದ. ಏಕನಾಥ ಅದನ್ನು ಹೇಳಲಿಲ್ಲ.

“ತಮ್ಮ ಹೇಳ್ತಾನ, ಬಿಸಲಾಗ ದುಡಿದಂವ ಅಣ್ಣ. ಚೀಲ ಹೊತ್ತಂವ ಅಣ್ಣ. ಮನಿಯಾಗಿನ ಹಾಡು ಕಿವಿಗಿ ಬಿದ್ದ ಮ್ಯಾಲೇ ಅವಗ ಊಟದ ಸುದ್ದಿ ಗೊತ್ತಾಯ್ತು. ಬಾ ಅಂತ ಹೊಲಕ್ಕ ಯಾರೂ ಒಂದು ಆಳು ಕಳಸಲಿಲ್ಲ. ಅವನ ಬೆನ್ನ ಯಾರು ನೋಡ್ಯಾರ?”

ಮಾತು ಅವನನ್ನು ಬಿಟ್ಟು ತಾನೇ ಮುಂದೆ ಹೋಗುತ್ತಿತ್ತು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಎಲ್ಲರೂ ಏಕನಾಥನ ಕೈ ಹಿಡಿದರು. ಇಂಥಾ ಪ್ರಸಂಗ ಕೇಳೇ ಇಲ್ಲ ಎಂದರು.

ಚಂದ್ರಕಾಂತನ ಕಿವಿಗಳಿಗೆ ಏನೂ ಆಗಿರಲಿಲ್ಲ.  ಮನೆಗೆ ಬರುವ ದಾರಿಯಲ್ಲಿ ಅವನು ಆಸರೆಗೆಂದು ಅಣ್ಣನ ಹೆಗಲ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.

ಆ ವಾರವೆಲ್ಲ ಏಕನಾಥ ಮಧ್ಯಾಹ್ನದ ಹೊತ್ತು ಖಾಲಿ ಚರ್ಚಿಗೆ ಹೋಗಿ ಮೊಣಕಾಲೂರುತ್ತಿದ್ದ. ಮುಂದಿನ ಐತವಾರ ತಮ್ಮ ಬಾಯಿ ತೆರೆಯುವ ಮೊದಲೇ ಅವನು ಜನರ ಕಡೆ ತಿರುಗಿದ.

“ಹೋದ ಐತವಾರ ನೀವು ಕೇಳಿದ್ದು ತಮ್ಮನ ಮಾತಲ್ರಿ. ಅದು ನನ್ನ ಹೊಟ್ಟಿಕಿಚ್ಚು. ಅವನ ಹೆಸರು ಹೇಳಿ ನನ್ನ ಮಾತು ಆಡೀನಿ. ಅಂವ ಹೇಳಿದ್ದು ಬ್ಯಾರೇನೇ ಇತ್ತು.” ಅವನು ತಮ್ಮನ ಕಡೆ ತಿರುಗಿದ. “ಅಂವ ಹೇಳಿದ್ದಿಷ್ಟು. ಅಣ್ಣ ಹೊರಗ ನಿಂತಾಗ ಒಳಗ ಕುಂತ ತಮ್ಮಗ ತುತ್ತು ಇಳಿದಿರ್ಲಿಕ್ಕಿಲ್ಲ. ನನಗಂತೂ ಇಳಿದಿಲ್ಲ, ಅಣ್ಣ. ಹಾಂಗಂದಿದ್ದ.”

ಆ ದಿನ ಬಾಗಿಲಲ್ಲಿ ಯಾರೂ ಅವನ ಕೈ ಹಿಡಿಯಲಿಲ್ಲ.

*

“ಈಗರ ಹೋಯ್ತೇನು ಹೊಟ್ಟಿಕಿಚ್ಚು ಅಂತ ಒಮ್ಮೆ ಕೇಳಿದ್ದೆ,” ಎಂದ ಜಾವೀದ. “‘ಎಲ್ಲಿ ಹೋಗ್ತದೋ, ಐತವಾರ ಮುಂಜಾನಿ ನನ್ನಕಿಂತ ಮೊದಲೇ ಏಳ್ತದ. ಪ್ರಾರ್ಥನಾ ಮಾಡಿ ಕೂಡಸ್ತೇನಿ’ ಅಂದ. ಆದ್ರ ಆಮ್ಯಾಲ ತಮ್ಮನ ಒಂದು ಮಾತೂ ತಪ್ಪಿಸ್ಲಿಲ್ಲ ಅಂವ.”

ಮಕರಂದ ಎದ್ದು ಒಳಗೆ ಹೋದ. ಚಂದ್ರಕಾಂತ ಅವನ ಕೈ ಹಿಡಿದು ಮತ್ತೆ ಅದೇ ದನಿ ಮಾಡಿದ.

“ಮಣ್ಣು ಮಾಡೋವಾಗ ನೀವೇ ಮಾತಾಡ್ತೀರೇನ್ರಿ?”

ಚಂದ್ರಕಾಂತ ಕಣ್ಣು ಮುಚ್ಚಿ ಹೌದೆಂದು ತಲೆಯಾಡಿಸಿದ. ಮುಂಜಾನೆಯಿಂದ ಅವನು ಹೇಳುತ್ತಿದ್ದದ್ದು ಇದನ್ನೇ.

“ಯಾರಿಗಿ ತಿಳೀತದ್ರಿ, ಪಾದ್ರಿ ಸಾಬ್?” ಎಂದಳು ಜಾನಕಿಬಾಯಿ.

“ಹೇಳ್ಲಿ ಬಿಡ್ರಿ, ಅವ್ವ.”

ಸ್ಮಶಾನದಲ್ಲಿ ಎರೆಮಣ್ಣು ಒಣಗಿ ಬಿರಿದಿತ್ತು. ಪೆಟ್ಟಿಗೆ ಇಳಿಸಿ ಹಗ್ಗ ಎಳೆದುಕೊಂಡರು. ಮಕರಂದ ಪ್ರಾರ್ಥನೆ ಮುಗಿಸಿ ಹಿಂದೆ ಸರಿದ. ಚಂದ್ರಕಾಂತ ಕೋಲೂರಿ ಗುಂಡಿಯ ತಲೆಕಡೆ ಹೋಗಿ ನಿಂತು ಮಾತು ಶುರುಮಾಡಿದ. ದನಿ ಏರಿತು, ಎಲ್ಲೋ ಒಡೆಯಿತು, ಇಳಿಯಿತು. ಜನ ಕಿವಿಗೊಟ್ಟರು. ಒಂದು ಶಬ್ದವೂ ಯಾರಿಗೂ ಹತ್ತಲಿಲ್ಲ. ಜಾನಕಿಬಾಯಿ ಅವನ ತುಟಿಗಳನ್ನೇ ನೋಡುತ್ತಿದ್ದಳು. ಜಾವೀದ ಟೊಪ್ಪಿಗೆ ತೆಗೆದು ಮಡಚಿ, ಮತ್ತೆ ಇಟ್ಟುಕೊಂಡ. ಸಲಿಕೆ ಹಿಡಿದವರು ಕಾದರು.

ಒಂದು ಮಾತು ಮುಗಿಯಿತು. ಚಂದ್ರಕಾಂತ ಸುಮ್ಮನಾಗಿ ಎಡಕ್ಕೆ ತಿರುಗಿದ. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಆ ಮಾತನ್ನು ಒಬ್ಬ ಮನುಷ್ಯ ನಿಧಾನವಾಗಿ ಹೇಳಿ ಮುಗಿಸುವಷ್ಟು ಹೊತ್ತು ಅವನು ಅತ್ತಲೇ ನೋಡುತ್ತ ನಿಂತ. ಆಮೇಲೆ ಜನರ ಕಡೆ ತಿರುಗಿ ಮುಂದಿನ ಮಾತಿಗೆ ಬಾಯಿ ತೆರೆದ.