ಸೊನೆ ಕಾಲದ ಚಟ್ನಿ

ಭಾರತಮ್ಮನ ಕೈಯಲ್ಲಿ ಮೈಲಿಗೆಯಿದೆ ಎಂದು ಕೋಲಾರದಲ್ಲಿ ಹಬ್ಬಿಸಿದವನು ಹೊರಗಿನವನಲ್ಲ, ಅವಳ ಗಂಡನ ಸ್ವಂತ ಅಣ್ಣ ಕೋದಂಡರಾಮಪ್ಪ. ಆಗ ಅವಳಿಗೆ ಮಗಳು ಹುಟ್ಟಿದ್ದಳು. ಪುರುಡು ಕಳೆಯುವ ಮೊದಲೇ ಬಾಣಂತಿ ಬಂದು ಅಣ್ಣತಮ್ಮಂದಿರ ವಡೆ ಅಂಗಡಿಯ ಒರಳು ಮುಟ್ಟಿ ಚಟ್ನಿ ರುಬ್ಬಿದಳಂತೆ, ಅದನ್ನೇ ಊರಿಗೆಲ್ಲ ತಿನ್ನಿಸಿದರಂತೆ. ಅವಳೋ ಕತ್ತಲೆ ಕೋಣೆಯಲ್ಲಿ ಚಾಪೆಯ ಮೇಲೆ ಮಗುವಿಗೆ ಹಾಲೂಡಿಸುತ್ತ ಮಲಗಿದ್ದವಳು, ಹೊಸಿಲು ದಾಟಿರಲಿಲ್ಲ. ಆದರೆ ಬಾಯಿಂದ ಬಾಯಿಗೆ ಹೋಗುವ ಮಾತಿಗೆ ಹೊಸಿಲೆಲ್ಲಿ? ದಿನಾ ವಡೆ ಕಟ್ಟಿಸಿಕೊಂಡು ಹೋಗುತ್ತಿದ್ದವರು ಮುಖ ತಿರುಗಿಸಿಕೊಂಡು ನಡೆದರು. ಅದನ್ನೇ ನೆಪ ಮಾಡಿ ಕೋದಂಡರಾಮಪ್ಪ ತಮ್ಮನನ್ನು ಅಂಗಡಿಯಿಂದ ಬಿಡಿಸಿದ. ಆ ತಮ್ಮ, ಆಂಜಿನಪ್ಪ, ಅಣ್ಣನ ಎದುರು ಬಾಯಿ ಬಿಡುವವನಲ್ಲ. ಹಸುಗೂಸನ್ನು ಎತ್ತಿಕೊಂಡು ಗಂಡಹೆಂಡಿರು ಪುಟ್ಟ ರೈಲು ಹತ್ತಿ ಶ್ರೀನಿವಾಸಪುರಕ್ಕೆ ಬಂದಿಳಿದರು.

ಸ್ಟೇಷನ್ನಿನ ಹೊರಗೆ ಹೊಂಗೆಮರದ ಕೆಳಗೆ ಭಾರತಮ್ಮ ಬಾಣಲೆಯಿಟ್ಟಳು. ವಡೆ ಎಲ್ಲ ಊರಲ್ಲೂ ಒಂದೇ, ಜಗಳವೆಲ್ಲ ಚಟ್ನಿಯದು ಎಂದು ಅವಳಿಗೆ ಬೇಗ ಗೊತ್ತಾಯಿತು. ಮುಳಬಾಗಿಲಿನವರಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಬಿದ್ದು ಕಣ್ಣಲ್ಲಿ ನೀರು ಬರಬೇಕು. ಮಾಲೂರಿನವರು ಚೂರು ಬೆಲ್ಲ ಇಲ್ಲದಿದ್ದರೆ ಎಲೆಯನ್ನು ಅರ್ಧಕ್ಕೇ ಮಡಚುತ್ತಾರೆ. ಶಿವಾರಪಟ್ಟಣದಿಂದ ಬರುತ್ತಿದ್ದ ಶಿಲ್ಪಿಯೊಬ್ಬ ಮಾತ್ರ, "ಏನಾದ್ರೂ ಹಾಕಮ್ಮ, ನೀರಾಗಿರ್ಲಿ. ಗಂಟಲಲ್ಲಿ ಕಲ್ಲಿನ ಪುಡಿ ಇಳಿದ್ರೆ ಸಾಕು" ಎನ್ನುತ್ತಿದ್ದ. ಶ್ರೀನಿವಾಸಪುರದ ಸುತ್ತಿನವರಿಗೆ ಮಾವಿನಕಾಯಿ ಚಟ್ನಿ ಎಂದರೆ ಪ್ರಾಣ. ಕಾಲ ಮುಗಿದ ಮೇಲೂ ಭರಣಿಯ ಉಪ್ಪುಮಾವಿನಕಾಯಿ ಹಾಕಿ ರುಬ್ಬಿಸಿಕೊಂಡು ತಿನ್ನುವ ಜನ.

ತೋಪುಗಳಲ್ಲಿ ಕಾಯಿ ಕೀಳುವ ದಿನಗಳಲ್ಲಿ ಮಾತ್ರ ಅವರು ಅದರ ಹೆಸರೆತ್ತುವುದಿಲ್ಲ. ತೊಟ್ಟು ಮುರಿದಾಗ ಸಿಡಿಯುವ ಸೊನೆಗೆ ತುಟಿ, ಕೆನ್ನೆ ಸುಟ್ಟು ಕಪ್ಪಗಾಗಿರುತ್ತವೆ. ಬಲಿತಿದೆಯೋ ಇಲ್ಲವೋ ಎಂದು ಕಚ್ಚಿ ಕಚ್ಚಿ ಹುಳಿಗೆ ಹಲ್ಲು ಜುಮ್ಮೆಂದು ಅನ್ನ ಅಗಿಯುವುದೂ ಕಷ್ಟ. ಆಗ ಭಾರತಮ್ಮ ಹುಳಿಯಿಲ್ಲದ, ಖಾರವಿಲ್ಲದ ಹುರಿಗಡಲೆ, ತೆಂಗಿನಕಾಯಿ ಚಟ್ನಿ ರುಬ್ಬಿ ಕೊಡುತ್ತಿದ್ದಳು.

ಗೌನಿಪಲ್ಲಿ ದಾರಿಯಲ್ಲಿ, ಸ್ಟೇಷನ್ನಿಗೆ ಹತ್ತಿರವೇ ತೋಪು ಗುತ್ತಿಗೆ ಹಿಡಿದಿದ್ದ ಓಬೇದುಲ್ಲಾ ಸಾಹೇಬರು ಪ್ರತಿವರ್ಷ ಮೊದಲ ಗಾಡಿಗಳು ರೈಲಿಗೆ ಹೊರಡುವ ದಿನ ಕೀಳುವವರಿಗೆಲ್ಲ ವಡೆ ಹಾಕಿಸುತ್ತಿದ್ದರು. ಅದು ಭಾರತಮ್ಮನ ಕೆಲಸ. ಮಹಾಯುದ್ಧದ ಎರಡನೆಯ ಬೇಸಿಗೆಯಲ್ಲಿ ಸಾಹೇಬರು ಬಂದು ನೆಲ ನೋಡುತ್ತ ನಿಂತರು.

"ಈ ಸಲ ಬೇಡಮ್ಮ. ನಿಮ್ಮ ಭಾವನೋರು ಕೋಲಾರದಿಂದ ಬಂದಿದ್ರು. ಪುರುಡಿನ ಕತೆ ಹೇಳ್ಬಿಟ್ಟು ಹೋದ್ರು. ನನಗೆ ಅದೆಲ್ಲ ಇಲ್ಲ. ಕೀಳೋರು ಒಪ್ತಿಲ್ಲ, ಅವರ ಮೇಸ್ತ್ರಿ ಮುನಿಯಲ್ಲಮ್ಮ ಅಂತೂ ಬಾಯಿಗೇ ಇಡಲ್ಲ ಅಂತಾಳೆ. ಕೆಲಸ ನಿಮ್ಮ ಭಾವನೋರಿಗೇ ಕೊಟ್ಟಿದ್ದೀನಿ."

ಭಾರತಮ್ಮ ಬಾಣಲೆಯ ಕೆಳಗಿನ ಸೌದೆ ಹಿಂದಕ್ಕೆಳೆದಳು. ಇಲ್ಲಿಗೂ ಬಂತು ಅದು. ನಾಳೆ ಮಗಳು ದೊಡ್ಡವಳಾಗುತ್ತಾಳೆ. ಅವಳನ್ನು ಕೇಳಲು ಬಂದವರ ಮುಂದೆಯೂ ಇದೇ ಮಾತು ಬಂದು ಕೂರುತ್ತದೆ.

ಎರಡು ದಿನಕ್ಕೆ ಕೋದಂಡರಾಮಪ್ಪನೇ ಮನೆಗೆ ಬಂದ. ಭಾವನ ಎದುರು ನಿಲ್ಲುವ ರೂಢಿಯಿಲ್ಲ. ಭಾರತಮ್ಮ ಬಾಗಿಲ ಮರೆಯಲ್ಲಿ ನಿಂತಳು.

"ಬೇಜಾರು ಮಾಡ್ಕೋಬೇಡಮ್ಮ, ವ್ಯಾಪಾರ ಅಂದ್ರೆ ಹಿಂಗೇ. ಈ ಊರೋರ ನಾಲಿಗೆ ನಂಗೊತ್ತಿಲ್ಲ, ಹೇಳು. ಇವರಿಗೆ ಎಂಥ ಚಟ್ನಿ ಆಗ್ಬೇಕು?"

ಅವಳ ದನಿ ಮಜ್ಜಿಗೆಯಂತೆ ತಣ್ಣಗಿತ್ತು.

"ಮಾವಿನಕಾಯಿ ಚಟ್ನಿ, ಭಾವ. ಅದೊಂದಿದ್ರೆ ಇವರಿಗೆ ವಡೆನೂ ಬೇಡ."

"ಖಾರ?"

"ಕೈ ಬಿಚ್ಚಿ ಹಾಕಿ. ಗೌನಿಪಲ್ಲಿ ಕಡೆಯೋರು, ಖಾರ ಇಲ್ದಿದ್ರೆ ತಿಂಡಿ ಅನ್ನಲ್ಲ."

ಅವನು ಹೋದ ಮೇಲೆ ಆಂಜಿನಪ್ಪ ತಲೆ ಕೆರೆದುಕೊಂಡ. "ಲೇ, ಅಷ್ಟು ಹೇಳಿದೋಳು ಮಿಕ್ಕಿದ್ದೂ ಹೇಳ್ಬಾರದಾ?"

"ಕೇಳಿದ್ದಕ್ಕೆ ನಿಜಾನೇ ಹೇಳಿದ್ದೀನಿ. ಕೇಳದೇ ಇರೋದನ್ನ ಯಾಕೆ ಹೇಳ್ಲಿ? ಕೋಲಾರದಲ್ಲಿ ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಗಾಡಿ ಹೊರಡುವ ದಿನ ಕೋಳಿ ಕೂಗುವ ಮೊದಲೇ ಅವಳು ಹುರಿಗಡಲೆ ರುಬ್ಬಲು ಕುಳಿತಳು. ಮಗಳು ಶ್ಯಾಮಲ ಕಣ್ಣುಜ್ಜುತ್ತ ಬಂದು ತೊಡೆಗೆ ಒರಗಿದಳು.

"ಯಾರಿಗಮ್ಮ ಇಷ್ಟೊಂದು?"

"ಹಸ್ಕೊಂಡೋರಿಗೆ ಕಣೇ. ತಲೆ ಈ ಕಡೆ ಇಡು, ರುಬ್ಬುಗುಂಡು ತಗಲುತ್ತೆ."

ತೋಪಿನ ಬಯಲಲ್ಲಿ ಜನ ಸಾಲಾಗಿ ಕುಳಿತಿದ್ದರು. ಮುತ್ತುಗದೆಲೆಗೆ ಬಿಸಿ ವಡೆ, ಪಕ್ಕದಲ್ಲಿ ಹಸಿರು ಚಟ್ನಿ. ಕೋದಂಡರಾಮಪ್ಪ ಹೆಗಲ ವಸ್ತ್ರ ಸರಿಮಾಡಿಕೊಳ್ಳುತ್ತ, "ನಿಮ್ಮೂರ ಮಾವಿನಕಾಯೇ, ತಿನ್ನಿ ತಿನ್ನಿ!" ಎಂದು ಉಪಚರಿಸುತ್ತಿದ್ದ. ಕೀಳುವವರ ಮೇಸ್ತ್ರಿ ಮುನಿಯಲ್ಲಮ್ಮ ಮೊದಲ ತುತ್ತು ಬಾಯಿಗಿಟ್ಟಳು. ಮರುಕ್ಷಣ ಎಲೆ ಹಾರಿ ಅವನ ಕಾಲ ಬಳಿ ಬಿತ್ತು.

"ಅಯ್ಯೋ, ನೋರು ಮಂಡಿಪೋತಾಂದಿ ರಾ!" ಎಂದು ಸುಟ್ಟ ತುಟಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. "ಬಾಯಿ ಉರಿದುಹೋಯ್ತು! ಯಾವನಯ್ಯ ನೀನು? ತುಟಿ ನೋಡಿದ್ಯಾ ನಮ್ದು? ಸೊನೆ ಮೇಲೆ ಮಾವಿನಕಾಯಿ, ಖಾರ ಬೇರೆ!"

ಸಾಲಿಡೀ ಉಗುಳತೊಡಗಿತು. ಒಬ್ಬ ಎದ್ದು ನೀರಿನ ಕೊಡಕ್ಕೇ ಬಾಯಿಟ್ಟ. "ಹೊಟ್ಟೆ ಹಸ್ಕೊಂಡು ಗಾಡಿ ತುಂಬಲ್ಲ" ಎಂದು ಗಾಡಿಯವರು ಹಗ್ಗ ಬಿಸಾಡಿದರು. ರೈಲಿನ ಹೊತ್ತಾಗುತ್ತಿತ್ತು. ಓಬೇದುಲ್ಲಾ ಸಾಹೇಬರು ಸೀದಾ ಹೊಂಗೆಮರದ ಕೆಳಗೆ ಭಾರತಮ್ಮನ ಬಾಣಲೆಯ ಬಳಿಗೆ ನಡೆದು ಬಂದರು.

"ಚಟ್ನಿ ಇದೆಯೇನಮ್ಮ?"

"ಇದೆ, ಸಾಹೇಬ್ರೇ. ವಡೆನೂ ಇದೆ."

ವಡೆ ಬುಟ್ಟಿ, ಚಟ್ನಿ ಕೊಳಗ ಹೊರಿಸಿಕೊಂಡು ಬಂದು ಬಯಲಿನ ನಡುವೆ ಇಳಿಸಿದಳು. ಆದರೆ ಸೌಟು ಕೈಯಲ್ಲೇ ಹಿಡಿದು ನಿಂತಳು. ಅಂದು ಸೆರಗಿನ ಮರೆಯೂ ಇರಲಿಲ್ಲ, ಬಾಗಿಲ ಮರೆಯೂ ಇರಲಿಲ್ಲ. ಭಾವನ ಮುಖವನ್ನು ನೇರವಾಗಿ ನೋಡಿದಳು.

"ನನ್ನ ಕೈ ಮೈಲಿಗೆ ಅಂದೋರು ಮೊದಲು ತಿನ್ಲಿ. ಆಮೇಲೆ ಮಿಕ್ಕೋರಿಗೆ ಹಾಕ್ತೀನಿ."

"ಇದೇನು ಹೆಂಗಸು ಇದು! ನಾನು... ನನಗೆ ಹಸಿವಿಲ್ಲ."

"ನಮಗಿದೆ ಕಣಯ್ಯ!" ಎಂದಳು ಮುನಿಯಲ್ಲಮ್ಮ. "ನೀನು ಹೇಳಿದ್ದಕ್ಕೆ ತಾನೇ ನಾವು ಬೇಡ ಅಂದಿದ್ದು? ಮೈಲಿಗೆ ನಿಜ ಆದ್ರೆ ತಿನ್ಬೇಡ. ಸುಳ್ಳಾದ್ರೆ ತಿನ್ನು. ಬೇಗ!"

ಕೋದಂಡರಾಮಪ್ಪ ತಮ್ಮನ ಕಡೆ ನೋಡಿದ. ಆಂಜಿನಪ್ಪ ಎತ್ತಿನ ಕೊಂಬು ನೋಡುತ್ತಿದ್ದ. ಸಾಹೇಬರನ್ನು ನೋಡಿದ. ಅವರು, "ತಿನ್ನಿ ಸ್ವಾಮಿ, ರೈಲು ಕಾಯಲ್ಲ" ಎಂದರು.

ಅವನು ಕುಳಿತ. ಭಾರತಮ್ಮ ಬಗ್ಗಿ ಎಲೆ ಹಾಕಿ, ವಡೆಯಿಟ್ಟು, ಅದರ ಮೇಲೆ ಚಟ್ನಿ ಸುರಿದಳು. ಅವಳ ಕೈಯಿಂದ ಬೀಳದ ಚೂರು ಆ ಎಲೆಯ ಮೇಲೆ ಒಂದೂ ಇರಬಾರದಿತ್ತು. ಅವನು ಅಗಿದ. ನುಂಗಿದ. ಎಲ್ಲರೂ ಅವನ ಗಂಟಲನ್ನೇ ನೋಡುತ್ತಿದ್ದರು.

"ಆ ಮಾತು, ಭಾವ?"

"ಯಾರೋ ಹೇಳಿದ್ರು, ನಾನು..."

"ಯಾರೂ ಹೇಳ್ಲಿಲ್ಲ."

ಅವನು ಎಲೆ ನೋಡುತ್ತ ಹೇಳಿದ: "ಸುಳ್ಳು. ನಾನೇ ಹುಟ್ಟಿಸಿದ್ದು."

"ಕೇಳಿಸ್ಲಿಲ್ಲ ರಾ!" ಎಂದ ಹಿಂದಿನ ಸಾಲಿನವನೊಬ್ಬ. ಕೋದಂಡರಾಮಪ್ಪ ಇನ್ನೊಮ್ಮೆ ಹೇಳಬೇಕಾಯಿತು. ಅವಳು ಎರಡನೆಯ ವಡೆ ಹಾಕಿದಳು, ಕೇಳದೆಯೇ ಮೂರನೆಯದನ್ನೂ ಹಾಕಿದಳು. ಅವನು ಅದನ್ನೂ ತಿಂದ ಮೇಲೆಯೇ ಸಾಲಿನ ಕಡೆ ತಿರುಗಿದಳು.

ಗಾಡಿಗಳು ಹೊರಟು ಬಯಲು ಖಾಲಿಯಾದ ಮೇಲೆ ಆಂಜಿನಪ್ಪ ಕೊಳಗ ತೊಳೆಯುತ್ತ ಮೆಲ್ಲಗೆ ಕೇಳಿದ. "ಈಗ ಸಮಾಧಾನ ಆಯ್ತೇನೇ?"

ಭಾರತಮ್ಮ ಮಗಳ ಮೂತಿಗೆ ಮೆತ್ತಿದ್ದ ಚಟ್ನಿಯನ್ನು ಸೆರಗಿನ ತುದಿಯಲ್ಲಿ ಒರೆಸಿದಳು.

"ಇಲ್ಲ. ಇದು ಇಲ್ಲಿಯೋರ ಮುಂದೆ ಆಯ್ತು. ಆ ಮಾತು ಆಡಿದ್ದು ಕೋಲಾರದಲ್ಲಿ." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು: "ಅಲ್ಲಿ ಅವರ ಅಂಗಡಿ ಎದುರಿಗೆ ಒಂದು ಬಾಣಲೆ ಇಡೋಕೆ ಜಾಗ ಸಿಗ್ತದಾ?"