ಅಪ್ಪ ಓಡಿಸಿದ ಲಾರಿಯ ಹಸಿರು

ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವುದು ಮಗಳ ಕಸುಬು. ಎದುರಿನವರು ಬಾಯಿ ತೆರೆದರೆ ಸಾಕು, ಆ ಬಿಳುಪು ಎಂಥ ಬಿಳುಪೆಂದು ಅವಳ ಕಣ್ಣು ಅಳೆದುಬಿಡುತ್ತಿತ್ತು. ಬಣ್ಣದ ವಿಷಯದಲ್ಲಿ ಅವಳನ್ನೂ ಮೀರಿಸುವ ಹಟಮಾರಿ ಒಬ್ಬನೇ, ಅವಳ ಅಪ್ಪ. ಸೈನ್ಯದ ಲಾರಿ ಓಡಿಸುತ್ತಲೇ ಪ್ರಾಯ ಕಳೆದವನು. ಮಾಡೆಲ್ ಅಂಗಡಿಯ ಗಾಜಿನ ಹಿಂದೆ ಅಂಗೈಯಗಲದ ಟ್ಯಾಂಕ್ ಕಂಡರೆ ಒಳಗೆ ನುಗ್ಗಿ, "ಈ ಹಸಿರು ತಪ್ಪು" ಎಂದು ತಗಾದೆ ತೆಗೆಯುತ್ತಿದ್ದ. ಅಂಗಡಿಯವನೂ ಕಡಿಮೆ ಆಸಾಮಿಯಲ್ಲ, ಬಣ್ಣದ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಹರವಿ ವಾದಕ್ಕೆ ಕೂರುತ್ತಿದ್ದ. ಈ ಜಗಳವಿಲ್ಲದೆ ಇಬ್ಬರಿಗೂ ವಾರ ಕಳೆಯುತ್ತಿರಲಿಲ್ಲ.

ಈಗ ಅಪ್ಪನ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದು ಆಪರೇಷನ್ ದಿನ ಗೊತ್ತಾಗಿತ್ತು. "ನರ ಸೋತಿದೆ. ಪ್ರಯತ್ನ ಮಾಡ್ತೀವಿ, ಆದ್ರೆ ಭರವಸೆ ಕೊಡೋಕಾಗಲ್ಲ" ಎಂದು ಕಣ್ಣಿನ ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು ಹೇಳಿದರು. ಕತ್ತಲಾಗುವುದೇ ಆದರೆ ಅದಕ್ಕೂ ಮೊದಲು ಅಪ್ಪ ತನ್ನ ಲಾರಿಯನ್ನು ಇನ್ನೊಮ್ಮೆ ನೋಡಲಿ ಎಂದು ಅವಳು ಅದೇ ಲಾರಿಯ ಪುಟ್ಟ ಮಾಡೆಲ್ ಜೋಡಿಸುವ ಕಿಟ್ ತಂದಳು.

ಬಿಡಿಭಾಗ ಅಂಟಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ತೊಡಕಾದದ್ದು ಬಣ್ಣ. ಆ ಲಾರಿಯ ಟೂಲ್ ಬಾಕ್ಸಿನ ಮುಚ್ಚಳವನ್ನು ಅಪ್ಪ ಜೋಪಾನವಾಗಿ ಇಟ್ಟುಕೊಂಡಿದ್ದ. ಅದಕ್ಕೆ ಸರಿಹೊಂದುವ ಹಸಿರನ್ನೇ ಆರಿಸಿ, ಪುಟ್ಟ ವಸ್ತುವಿನ ಮೇಲೆ ಬಣ್ಣ ಕಪ್ಪಾಗಿ ಕಾಣುತ್ತದೆಂದು ಒಂದು ಹನಿ ಬಿಳಿ ಬೆರೆಸಿ, ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಬಳಿದು, ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ಕೆಸರು ಕಣೇ," ಎಂದ ಅಪ್ಪ. "ನನ್ನ ಗಾಡಿ ಹಸಿರಿತ್ತು."

ಮೇಜಿನ ಮೇಲೆ ಬಿಳುಪು ಹೋಲಿಸಿ ನೋಡಲು ಅವಳು ಇಟ್ಟುಕೊಂಡ ಮಾದರಿ ಹಲ್ಲುಗಳಿದ್ದವು. ಅವುಗಳಲ್ಲೇ ಅತ್ಯಂತ ಬಿಳಿಯದನ್ನು ಅಪ್ಪ ಎತ್ತಿಕೊಂಡು ನೋಡಿದ. "ಇದ್ಯಾರದು? ಜನ್ಮವಿಡೀ ಸಿಗರೇಟು ಸೇದಿದ ಹಾಗಿದೆ."

ಅವಳಿಗೆ ನಗು ಬಂತು, ಹಿಂದೆಯೇ ಕಾರಣ ಹೊಳೆಯಿತು. ಪೊರೆ ಅಪ್ಪನ ಪ್ರಪಂಚಕ್ಕೆಲ್ಲ ಹಳದಿ ಬಳಿದಿತ್ತು. ಸರಿಯಾದ ಹಸಿರು ಅವನಿಗೆ ಇನ್ನು ಸರಿಯಾಗಿ ಕಾಣುವಂತಿರಲಿಲ್ಲ.

ಆ ಹಳದಿಯ ಮೂಲಕ ನೀಲಿಯೇ ಹಸಿರಾಗಿ ಕಂಡೀತೆಂದು ಅವಳು ನೀಲಿ ಬೆರೆಸಿದಳು. ಇನ್ನೊಂದು ಚಮಚ. "ಉಹುಂ." ಮತ್ತಷ್ಟು ನೀಲಿ. "ಹತ್ತಿರ ಬಂತು ನೋಡು." ಗೊತ್ತಿದ್ದೂ ತಪ್ಪು ಬಣ್ಣ ಹಾಕಿದವಳಲ್ಲ ಅವಳು, ಕೈ ಹಿಂಜರಿಯುತ್ತಿತ್ತು. ಕೊನೆಗೆ ಈಜುಕೊಳದ ತಳದಂಥ ಬಣ್ಣವೊಂದು ಬಂದಾಗ ಅಪ್ಪ ಚಮಚವನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದ.

"ಇದೇ," ಎಂದ. "ಬೆಳಿಗ್ಗೆ ತೊಳೆದು ನಿಲ್ಲಿಸಿದಾಗ ಹೀಗೇ ಇರೋದು."

ಅದೇ ಬಣ್ಣ ಬಳಿದು ಒಣಗಿಸಿದ ಲಾರಿ ಆ ಸಂಜೆಯೆಲ್ಲ ಅವನ ಹೊದಿಕೆಯ ಏರಿಳಿತಗಳ ಮೇಲೆ ಓಡಿತು. ಗೇರು ಬದಲಿಸುವ ಸದ್ದನ್ನು ಅಪ್ಪನೇ ಬಾಯಲ್ಲಿ ಮಾಡಿದ. ಅವಳು ಬಾಗಿಲ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರಿಗೇ ಆಶ್ಚರ್ಯ. ಆ ಸಂತೋಷದ ಗಡಿಬಿಡಿಯಲ್ಲಿ ಮಗಳು ಲಾರಿಯನ್ನು ಬಚ್ಚಿಡಲು ಮರೆತಳು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವನ ಕಣ್ಣು ಮೊದಲು ಬಿದ್ದದ್ದೇ ಅದರ ಮೇಲೆ.

"ಇದೇನೇ, ನೀಲಿ ಇದೆ?"

"ಆವತ್ತು ನಿನಗೆ ಹೀಗೆ ಹಾಕಿದ್ರೇನೇ ಹಸಿರು ಕಾಣ್ತಿತ್ತು ಅಪ್ಪ."

ಅಪ್ಪ ಮಂಚದ ಮೇಲೆ ಕೂತು ಟೂಲ್ ಬಾಕ್ಸಿನ ಮುಚ್ಚಳವನ್ನು ತರಿಸಿ ಲಾರಿಯ ಪಕ್ಕ ಇಟ್ಟುಕೊಂಡ.

"ತಪ್ಪು ಅಂತ ಗೊತ್ತಿದ್ದೂ ಹಾಕ್ದೆಯಾ?"

"ಆಪರೇಷನ್ ಏನಾಗತ್ತೋ ಅಂತ ಭಯ ಇತ್ತು. ಒಂದು ಸಲ ಆದ್ರೂ ನಿನ್ನ ಗಾಡಿ ನಿನಗೆ ಕಾಣಲಿ ಅಂತ... ಕೊಡು, ಸರಿ ಬಣ್ಣ ಹಾಕ್ತೀನಿ."

ಅಪ್ಪ ಕೊಡಲಿಲ್ಲ. ಅಷ್ಟರಲ್ಲಿ ಅಂಗಡಿಯವನು ಯೋಗಕ್ಷೇಮ ವಿಚಾರಿಸಲು ಬಂದ. ಬಂದವನಿಗೆ ಲಾರಿ ಕಂಡದ್ದೇ ತಡ, ಕುರ್ಚಿಯಲ್ಲಿ ಕೂರುವುದನ್ನೂ ಮರೆತ.

"ಏನ್ ಯಜಮಾನ್ರೇ, ನನ್ನ ಟ್ಯಾಂಕಿಗೆ ಅಷ್ಟೆಲ್ಲ ಅಂದವರು ನೀವು. ಇದ್ಯಾವ ಸೈನ್ಯದ ಲಾರಿ?"

"ನಮ್ಮದೇ. ಬಣ್ಣ ಸರಿಯಾಗೇ ಇದೆ."

"ಈ ನೀಲಿನಾ?"

"ಇದೇ ಬಣ್ಣ ಇತ್ತಯ್ಯಾ. ಓಡಿಸಿದವನು ನಾನಾ, ನೀನಾ?" ಎನ್ನುತ್ತ ಅಪ್ಪ ಆ ಮುಚ್ಚಳವನ್ನು ಮೆಲ್ಲಗೆ ದಿಂಬಿನ ಕೆಳಗೆ ತಳ್ಳಿದ.